ದಪ್ಪ ದನಿಯ ಧಾರಿಣಿ

ಹದಿಮೂರು ತುಂಬುವ ಹೊತ್ತಿಗೆ ಧಾರಿಣಿಯ ದನಿ ದಪ್ಪಗಾಯಿತು. ಮೊದಲು ಎಲ್ಲರೂ ನೆಗಡಿ ಅಂದುಕೊಂಡರು. ದಿಲ್ಲಿಯ ಚಳಿಗಾಲ, ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಕಾಯುತ್ತ ನಿಂತರೆ ಮಂಜು ಮೂಗಿನೊಳಗೇ ಹೋಗುತ್ತದೆ, ಗಂಟಲು ಕಟ್ಟಿದೆ, ಹೋಳಿ ಹೊತ್ತಿಗೆ ಸರಿಹೋಗುತ್ತದೆ ಎಂದು ತಾಯಿ ವಿಮಲಾ ದಿನಾ ಶುಂಠಿ ಕಷಾಯ ಕುದಿಸಿ ಕೊಟ್ಟರು. ಹೋಳಿ ಬಂದು ಹೋಯಿತು. ಬಾಲ್ಕನಿಯ ಮೂಲೆಯಲ್ಲಿದ್ದ ಕೂಲರ್ ಒರೆಸಿ ಕಿಟಕಿಗೆ ಕೂರಿಸುವ ಬೇಸಿಗೆಯೂ ಬಂತು. ದನಿ ಇಳಿದದ್ದು ಇಳಿದೇ ಇತ್ತು.

ಅವರ ಮನೆಯಿದ್ದ ರೋಹಿಣಿ ಬಡಾವಣೆಯ ಕಿವಿ-ಗಂಟಲಿನ ಡಾಕ್ಟರು ಅವಳ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, ರಕ್ತಪರೀಕ್ಷೆ ಮಾಡಿಸಿ, ಕೊನೆಗೆ ನಕ್ಕರು. "ಏನೂ ತೊಂದರೆ ಇಲ್ಲ. ಕೆಲವರದು ಹೀಗೇ ಇರುತ್ತೆ" ಎಂದು ಹಿಂದಿಯಲ್ಲಿ ಹೇಳಿ ಕಳಿಸಿದರು. ತೊಂದರೆ ಇಲ್ಲ ಅನ್ನುವ ಮಾತು ಕೇಳಿ ವಿಮಲಾಗೆ ಸಮಾಧಾನವಾಗುವ ಬದಲು ಇನ್ನಷ್ಟು ಚಿಂತೆಯಾಯಿತು. ತೊಂದರೆ ಇದ್ದಿದ್ದರೆ ಔಷಧ ಕೊಡಬಹುದಿತ್ತಲ್ಲ!

ಧಾರಿಣಿಯ ತಂದೆ ದತ್ತಾತ್ರೇಯ ತುಮಕೂರು ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೆನೋ ಆಗಿ ಬಂದು ದಿಲ್ಲಿಯಲ್ಲೇ ಉಳಿದವರು. ಮಾತು ಕಡಿಮೆ. ಮನೆಯ ಫೋನ್ ಹೊಡೆದುಕೊಂಡಾಗ ಧಾರಿಣಿ ಎತ್ತಿದರೆ ಆ ಕಡೆಯವರು ಹುಡುಗನೆಂದುಕೊಂಡು "ಬೇಟಾ, ಪಾಪಾ ಕೋ ದೇನಾ", ಅಪ್ಪನಿಗೆ ಕೊಡಪ್ಪಾ, ಅನ್ನುತ್ತಿದ್ದರು. ಕಚೇರಿಯ ಗೆಳೆಯರೊಬ್ಬರು, "ದತ್ತಾಜೀ, ಇಷ್ಟು ದೊಡ್ಡ ಮಗನಿದ್ದಾನೆ ಅಂತ ಒಂದು ದಿನವೂ ಹೇಳಲಿಲ್ಲವಲ್ಲ" ಎಂದು ಕೇಳಿದ ಮೇಲೆ ದತ್ತಾತ್ರೇಯ ಮನೆಯಲ್ಲಿದ್ದಷ್ಟು ಹೊತ್ತು ತಾವೇ ಓಡಿ ಬಂದು ಫೋನ್ ಎತ್ತತೊಡಗಿದರು. ಮಗಳಿಗೆ ಮುಜುಗರ ಆಗಬಾರದು ಅನ್ನುವುದು ಅವರ ಮನಸ್ಸಿನಲ್ಲಿದ್ದದ್ದು. ಅಪ್ಪನಿಗೇ ತನ್ನ ದನಿಯಿಂದ ಮುಜುಗರ ಅನ್ನುವುದು ಮಗಳಿಗೆ ಅರ್ಥವಾದದ್ದು.

ಶಾಲೆಯಲ್ಲಿ ಹುಡುಗರು ಅವಳನ್ನು 'ಭಾಯಿಸಾಬ್' ಅಂದರು. ಹಾಜರಿ ಕೂಗುವಾಗ ಅವಳು "ಪ್ರೆಸೆಂಟ್ ಮ್ಯಾಮ್" ಅನ್ನುವುದನ್ನೇ ಕಾಯುತ್ತಿದ್ದು ಹಿಂದಿನ ಬೆಂಚಿನಿಂದ ಯಾರಾದರೂ ಅದೇ ದನಿಯಲ್ಲಿ ಗುಟುರು ಹಾಕುತ್ತಿದ್ದರು. ಧಾರಿಣಿ ತನ್ನ ದನಿಯನ್ನು ಮೇಲೆತ್ತಿ ಮಾತಾಡುವುದನ್ನು ಕಲಿತಳು. ತುದಿಗಾಲಲ್ಲಿ ನಿಂತು ಅಟ್ಟದ ಮೇಲಿನ ಡಬ್ಬಿಗೆ ಕೈಚಾಚಿದ ಹಾಗೆ ಅದು. ಒಂದೆರಡು ಮಾತಿಗೆ ಎಟುಕುತ್ತದೆ, ಆಮೇಲೆ ಕಾಲು ಸೋಲುತ್ತದೆ. ಹಾಗಾಗಿ ಒಂದೆರಡು ಮಾತಿನಲ್ಲೇ ಮುಗಿಸುವುದು ಅಭ್ಯಾಸವಾಯಿತು. 'ತುಂಬ ಮೌನಿ ಹುಡುಗಿ' ಎಂದು ಟೀಚರುಗಳು ಪ್ರಗತಿಪತ್ರದಲ್ಲಿ ಬರೆದರು. ಅವಳು ಮೌನಿಯಾಗಿರಲಿಲ್ಲ. ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಒಬ್ಬಳೇ ಎಷ್ಟು ಮಾತಾಡುತ್ತಿದ್ದಳು ಎಂಬುದು ಅಲ್ಲಿನ ಪಾರಿವಾಳಗಳಿಗಷ್ಟೇ ಗೊತ್ತಿತ್ತು.

ರೋಹಿಣಿಯ ಕನ್ನಡದ ಹತ್ತಾರು ಮನೆಯವರು ಸೇರಿ ಮಾಡಿಕೊಂಡ ಬಳಗವೊಂದಿತ್ತು. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಹೆಣ್ಣುಮಕ್ಕಳಿಂದ ಗುಂಪುಗಾಯನ. ಹಾಡು ಕಲಿಸುತ್ತಿದ್ದ ವಿಜಯಮ್ಮನವರು ಒಳ್ಳೆಯ ಹೆಂಗಸು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಧಾರಿಣಿಯನ್ನು ಪಕ್ಕಕ್ಕೆ ಕರೆದು ಕೆನ್ನೆ ಸವರಿ, "ನೀನು ಎತ್ತರ ಇದ್ದೀಯಲ್ಲ ಪುಟ್ಟಾ, ಹಿಂದಿನ ಸಾಲಲ್ಲಿ ನಿಂತ್ಕೋ. ತುಟಿ ಮಾತ್ರ ಆಡಿಸು, ಸಾಕು" ಅಂದರು. ಧಾರಿಣಿ ತುಟಿ ಆಡಿಸಿದಳು. ಮುಂದಿನ ವರ್ಷದಿಂದ ಓದುವುದಿದೆ ಎಂದು ಹೇಳಿ ಹೋಗುವುದನ್ನೇ ಬಿಟ್ಟಳು.

ಹನ್ನೆರಡನೆಯ ತರಗತಿಯಲ್ಲಿ ಬಂದ ಅಂಕಗಳಿಗೆ ಒಳ್ಳೆಯ ಕಾಲೇಜು ಸಿಗಲಿಲ್ಲ. ಅಂಚೆ ಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿ ಮನೆಯಲ್ಲೇ ಕೂತಳು. ಎರಡನೇ ವರ್ಷ, ಅದು ಎರಡು ಸಾವಿರದ ಐದನೇ ಇಸವಿ, ಬಳಗದ ಯಾರೋ ಅಪ್ಪನಿಗೆ ಸುದ್ದಿ ಕೊಟ್ಟರು: ನೋಯ್ಡಾದ ಕಂಪನಿಯೊಂದು ಕನ್ನಡ ಬಲ್ಲವರನ್ನು ಹುಡುಕುತ್ತಿದೆ, ಡಿಗ್ರಿ ಮುಗಿದಿರಬೇಕಂತಿಲ್ಲ, ಕ್ಯಾಬ್ ಮನೆ ಬಾಗಿಲಿಗೇ ಬರುತ್ತದೆ. ಧಾರಿಣಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕೆಲಸ ಅಂದುಕೊಂಡು ಹೊರಟಳು. ಹೋಗಿ ನೋಡಿದರೆ ಅದು ಕಾಲ್ ಸೆಂಟರು. ಕರ್ನಾಟಕದ ಯಾವ ಮೂಲೆಯಿಂದ ಮೊಬೈಲ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೂ ಅದು ನೋಯ್ಡಾದ ಆ ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ ಹೊಡೆದುಕೊಳ್ಳುತ್ತಿತ್ತು.

ಸಂದರ್ಶನ ಮಾಡಿದವನು ಗಗನ್. ಮೈಸೂರಿನವನು, ಇಪ್ಪತ್ತಾರು-ಇಪ್ಪತ್ತೇಳರ ವಯಸ್ಸು, ಕನ್ನಡ ತಂಡದ ಲೀಡರು. ಅವನದು ಕೊಳಲಿನ ಹಾಗೆ ಸಣ್ಣ ದನಿ. ಅದರ ಬಗ್ಗೆ ಅವನಿಗೆ ಚಿಂತೆಯೇ ಇದ್ದಂತಿರಲಿಲ್ಲ. ಧಾರಿಣಿ ಎದ್ದು ಹೋಗಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಅವನು, "ದಿಲ್ಲಿಯಲ್ಲಿ ಬೆಳೆದೂ ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ! ಮಧ್ಯೆ ಮಧ್ಯೆ ಅಚ್ಛಾ, ಚಲೋ ನುಸುಳುತ್ತೆ, ಅದನ್ನ ತಿದ್ದೋಣ. ಸೋಮವಾರದಿಂದ ಬನ್ನಿ" ಅಂದುಬಿಟ್ಟ. ತನ್ನ ಬಾಯಿಂದ ಬಂದದ್ದನ್ನು ಒಬ್ಬರು ಚೆನ್ನಾಗಿದೆ ಅಂದದ್ದು ಅದೇ ಮೊದಲು. ಅವಳು ಹೂಂ ಅಂದಳು.

ಮೊದಲ ವಾರ ಧಾರಿಣಿ ತನ್ನ ಮೇಲೆತ್ತಿದ ದನಿಯಲ್ಲೇ ಕೆಲಸ ಮಾಡಿದಳು. ತರಗತಿಯಲ್ಲಾದರೆ ಎರಡು ಮಾತಿಗೆ ಮುಗಿಯುತ್ತಿತ್ತು, ಇಲ್ಲಿ ಕರೆಯ ಮೇಲೆ ಕರೆ. ಮಧ್ಯಾಹ್ನದ ಊಟದ ಹೊತ್ತಿಗೆ ಗಂಟಲು ಉರಿದು ನೀರು ಕುಡಿದರೂ ನೋಯುತ್ತಿತ್ತು. ಶುಕ್ರವಾರ ಒಂದು ಕರೆಯ ನಡುವೆ ಆ ದನಿ ಪಟ್ಟನೆ ಒಡೆದು ಕೆಳಗಿನ ದನಿ ಹೊರಬಿತ್ತು. ಬೇರೆ ದಾರಿಯಿಲ್ಲದೆ ಅದರಲ್ಲೇ ಮಾತು ಮುಂದುವರಿಸಿದಳು. ಆ ಕಡೆಯ ಮನುಷ್ಯ ಗಾಬರಿಯಾದ.

"ಅಲ್ರೀ, ಇಷ್ಟೊತ್ತು ಒಬ್ಬರು ಹೆಣ್ಣುಮಗಳು ಮಾತಾಡ್ತಿದ್ರಲ್ಲ, ಅವರಿಗೆ ಕೊಡಿ ಸಾರ್."

"ನಾನೇ ಅವರು. ನನ್ನ ಹೆಸರು ಧಾರಿಣಿ."

"ಏನು, ಧರಣಿನಾ? ಗಂಡಸಿಗೆ ಎಂಥ ಹೆಸರು ಇಟ್ಟಿದ್ದಾರ್ರೀ?"

ಅಲ್ಲಿಂದ ದಿನವೂ ಇದೇ ಆಯಿತು. ಕೆಲವರು ನಕ್ಕರು, ಕೆಲವರು ತಮಾಷೆ ಮಾಡುತ್ತಿದ್ದೀರಾ ಎಂದು ರೇಗಿದರು. ಮೊಬೈಲಿನ ತೊಂದರೆ ಹೇಳುವ ಮೊದಲು ಇವಳು ಗಂಡೋ ಹೆಣ್ಣೋ ಎಂಬುದರ ವಿಚಾರಣೆಯಲ್ಲೇ ಹೊತ್ತು ಹೋಗುತ್ತಿತ್ತು. ಗಗನ್ ಒಂದು ದಿನ ಅವಳ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ.

"ಧಾರಿಣಿ, ತಪ್ಪು ತಿಳ್ಕೋಬೇಡಿ. ಒಂದು ಉಪಾಯ ಇದೆ. ಫೋನಿನಲ್ಲಿ ಧೀರಜ್ ಅಂದುಬಿಡಿ. ಯಾರೂ ಏನೂ ಕೇಳಲ್ಲ, ನಿಮಗೂ ಆರಾಮು."

ಅವಳಿಗೆ ನೋವಾಗಬೇಕಿತ್ತೇನೋ. ಆದರೆ ನಿಜವಾಗಿ ಆದದ್ದು ನಿರಾಳ. ಮರುದಿನ "ನಮಸ್ಕಾರ, ನಾನು ಧೀರಜ್" ಎಂದು ಶುರುಮಾಡಿದಳು. ಆ ಕಡೆಯವರು "ನಮಸ್ಕಾರ ಸಾರ್" ಅಂದರು. ಅಷ್ಟೇ, ಮಾತು ಸೀದಾ ಕೆಲಸಕ್ಕೆ ಬಂತು.

ಧೀರಜ್ ಆದ ಮೇಲೆ ಧಾರಿಣಿಗೆ ಒಂದು ವಿಷಯ ಗೊತ್ತಾಯಿತು. ತನ್ನ ದನಿಯಲ್ಲಿ ಮಾತಾಡಿದರೆ ಆಯಾಸವೇ ಆಗುವುದಿಲ್ಲ. ಎಷ್ಟು ಬೇಕಾದರೂ ಮಾತಾಡಬಹುದು. ರೇಗುತ್ತ ಫೋನ್ ಮಾಡಿದವರ ಸಿಟ್ಟು ಆ ದನಿ ಕೇಳಿ ಅರ್ಧ ಇಳಿದುಹೋಗುತ್ತಿತ್ತು. ನಿಧಾನವಾಗಿ, ತಗ್ಗಿನಲ್ಲಿ, "ಗಾಬರಿ ಆಗಬೇಡಿ, ಒಂದೊಂದಾಗಿ ನೋಡೋಣ" ಅಂದರೆ ಜನ ನಿಜಕ್ಕೂ ಗಾಬರಿ ಬಿಡುತ್ತಿದ್ದರು. ಪಕ್ಕದ ಕುರ್ಚಿಯ ಸಿಂಚನಾ ಹಾಸನದವಳು, ನೋಯ್ಡಾದಲ್ಲೇ ಪಿ.ಜಿ. ವಸತಿಯಲ್ಲಿ ಇದ್ದಳು. ಅವಳಿಗೆ ದಿನಕ್ಕೆ ನಾಲ್ಕು ಜನವಾದರೂ "ನಿಮ್ಮ ದನಿ ಜೇನಿನ ಹಾಗಿದೆ, ನಿಮ್ಮ ಸ್ವಂತ ನಂಬರ್ ಕೊಡಿ" ಎಂದು ಕಾಡುತ್ತಿದ್ದರು.

"ನಿಂದೇ ಪುಣ್ಯ ಕಣೇ" ಅನ್ನುತ್ತಿದ್ದಳು ಸಿಂಚನಾ, ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು. "ನಾಳೆಯಿಂದ ನಾನೂ ಸುರೇಶ ಅಂತೀನಿ."

ಇಬ್ಬರೂ ನಗುತ್ತಿದ್ದರು. ಕ್ಯಾಂಟೀನಿನಲ್ಲಿ, ಕ್ಯಾಬಿನಲ್ಲಿ ಧಾರಿಣಿ ಈಗ ಬಾಯ್ತುಂಬ ಮಾತಾಡುತ್ತಿದ್ದಳು. ಮನೆಗೆ ಬಂದರೆ ಮಾತ್ರ ಮತ್ತೆ ಆ ಎರಡು ಮಾತಿನ ಹುಡುಗಿ.

ಮಳೆಗಾಲ ಕಳೆದು ಗಾಳಿಯಲ್ಲಿ ಚಳಿಯ ವಾಸನೆ ಬರುವ ಹೊತ್ತಿಗೆ ಕಂಪನಿಯವರು ಅವಳಿಗೊಂದು ಬಹುಮಾನ ಕೊಟ್ಟರು. ಗ್ರಾಹಕರು ಅತಿ ಹೆಚ್ಚು ಮೆಚ್ಚಿದ ತಿಂಗಳ ಕೆಲಸಗಾರ ಎಂದು ಒಂದು ಹೊಳೆಯುವ ಫಲಕ. ಮೆಚ್ಚಿದವರೆಲ್ಲ ಹೇಳಿದ್ದು ಧೀರಜ್ ಎಂಬ ಹೆಸರನ್ನು, ಹಾಗಾಗಿ ಫಲಕ ಮಾಡಿಸಿದವರು ಅದು ಯಾರೆಂದು ವಿಚಾರಿಸದೆ ಧೀರಜ್ ಅಂತಲೇ ಬರೆಸಿದ್ದರು. ತಂಡದವರು ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ಬರುವಾಗ ಸೆಕ್ಟರ್ ಮಾರ್ಕೆಟ್ಟಿನ ಅಂಗಡಿಯಲ್ಲಿ "ಭಯ್ಯಾ, ಅರ್ಧ ಕಿಲೋ ಕಾಜು ಬರ್ಫಿ" ಎಂದು ಕಟ್ಟಿಸಿಕೊಂಡು ಮನೆಗೆ ಬಂದಳು.

ವಿಮಲಾ ಬರ್ಫಿ ಬಾಯಿಗೆ ಹಾಕಿಕೊಂಡು ಫಲಕವನ್ನು ದೀಪದ ಬೆಳಕಿಗೆ ತಿರುಗಿಸಿ ನೋಡಿದರು. "ಧೀರಜ್ ಅಂದ್ರೆ ಯಾರೇ?"

ಧಾರಿಣಿ ಎಲ್ಲ ಹೇಳಿದಳು. ತಮಾಷೆಯ ಹಾಗೆ ಹೇಳಬೇಕು ಅಂದುಕೊಂಡಿದ್ದಳು, ಹೇಳುತ್ತ ಹೇಳುತ್ತ ತಮಾಷೆ ಕರಗಿತು. ದತ್ತಾತ್ರೇಯ ಪೇಪರಿನಿಂದ ತಲೆಯೆತ್ತದೆಯೇ ಕೇಳುತ್ತಿದ್ದರು. ಕೊನೆಗೆ ಕನ್ನಡಕ ತೆಗೆದು, "ಬಹುಮಾನ ಅವನಿಗೆ ಕೊಟ್ಟರು ಅನ್ನು. ನಿನಗೇನು ಕೊಟ್ಟರು?" ಅಂದರು. ಸುಮ್ಮನೆ ಕೇಳಿದ್ದು, ಚುಚ್ಚಬೇಕೆಂದಲ್ಲ. ಆದರೆ ಧಾರಿಣಿ ಕೈಯಲ್ಲಿದ್ದ ಬರ್ಫಿಯನ್ನು ಪೊಟ್ಟಣಕ್ಕೆ ಹಿಂದಿಟ್ಟಳು. ಫಲಕವನ್ನು ಬಟ್ಟೆಯ ಬೀರುವಿನೊಳಗೆ ಸ್ವೆಟರುಗಳ ಕೆಳಗೆ ಇಟ್ಟಳು. ಇಷ್ಟು ವರ್ಷ ಹೆಸರು ತನ್ನದಿತ್ತು, ದನಿ ಇರಲಿಲ್ಲ. ಈಗ ದನಿ ಸಿಕ್ಕಿದೆ, ಹೆಸರು ಹೋಗಿದೆ. ಈ ಲೆಕ್ಕ ಸರಿಯಿಲ್ಲ ಅನ್ನಿಸಿತು, ಆದರೆ ಹೇಗೆ ಸರಿಮಾಡುವುದೋ ತಿಳಿಯಲಿಲ್ಲ.

ಆ ದಿನಗಳಲ್ಲೇ ಶಾಂತಮ್ಮನವರ ಕರೆಗಳು ಶುರುವಾದದ್ದು. ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಇಡ್ಲಿ ಹೋಟೆಲು. ಮದುವೆ, ನಾಮಕರಣಕ್ಕೆ ತಿಂಡಿಯ ಆರ್ಡರು ಹಿಡಿಯಲು ಹೊಸದಾಗಿ ಮೊಬೈಲು ಕೊಂಡಿದ್ದರು. ಅದರೊಂದಿಗೆ ಇನ್ನೂ ಸಲಿಗೆ ಬೆಳೆದಿರಲಿಲ್ಲ.

"ಏನಪ್ಪಾ, ಇದರ ಮುಖದ ಮೇಲೆ ಒಂದು ಸಣ್ಣ ಲಕೋಟೆ ಬಂದು ಕೂತೈತೆ. ಒರೆಸಿದರೂ ಹೋಗ್ತಿಲ್ಲ."

ಧಾರಿಣಿ ನಗು ತಡೆದುಕೊಂಡು, ಮೆಸೇಜುಗಳು ತುಂಬಿಹೋಗಿವೆ ಎಂದು ವಿವರಿಸಿ, ಒಂದೊಂದಾಗಿ ಅಳಿಸುವುದನ್ನು ಕಲಿಸಿಕೊಟ್ಟಳು. ಇನ್ನೊಂದು ಸಲ ಫೋನ್ ಹೊಡೆದುಕೊಳ್ಳುವುದನ್ನೇ ನಿಲ್ಲಿಸಿದೆ ಎಂದು ಕರೆ ಬಂತು. ಅದು ಯಾವಾಗಲೋ ಒತ್ತಿದ ಗುಂಡಿಯಿಂದ ಮೂಕವಾಗಿತ್ತು. ಕನ್ನಡದ ಮೇಜು, ಅಂದರೆ ಕನ್ನಡದ ಕರೆ ತೆಗೆದುಕೊಳ್ಳುವ ತಂಡ, ಚಿಕ್ಕದು, ಬೆಳಗಿನ ಪಾಳಿಯಲ್ಲಿ ನಾಲ್ಕೇ ಜನ. ಬೇರೆಯವರು ಎತ್ತಿದರೂ ಶಾಂತಮ್ಮ ಬಿಡುತ್ತಿರಲಿಲ್ಲ. "ಆ ಗಟ್ಟಿ ದನಿ ಧೀರಜಪ್ಪ ಇದ್ದರೆ ಕೊಡವ್ವ, ಅವನು ಹೇಳಿದರೆ ನನಗೆ ತಲೆಗೆ ಹೋಗುತ್ತೆ" ಅನ್ನುತ್ತಿದ್ದರು. ಸಿಂಚನಾ ನಗುತ್ತ ಕರೆಯನ್ನು ಪಕ್ಕಕ್ಕೆ ದಾಟಿಸುತ್ತಿದ್ದಳು.

ನಾಲ್ಕನೆಯದೋ ಐದನೆಯದೋ ಕರೆ. ಕೆಲಸ ಮುಗಿದ ಮೇಲೂ ಶಾಂತಮ್ಮ ಫೋನ್ ಇಡಲಿಲ್ಲ. ಹಿಂದೆ ಪಾತ್ರೆಗಳ ಸದ್ದು, ಯಾರೋ ಕಾಫಿ ಕೇಳುವ ಸದ್ದು.

"ಧೀರಜಪ್ಪಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮದುವೆ ಆಗೈತಾ?"

"ಇಲ್ಲಮ್ಮ."

"ನೋಡು ಮತ್ತೆ! ನಮ್ಮಕ್ಕನ ಮೊಮ್ಮಗಳು ಒಬ್ಬಳು ಅವಳೆ. ಟಿ.ಸಿ.ಎಚ್. ಮಾಡೌಳೆ, ಕೈಯಲ್ಲಿ ಕೆಲಸ ಐತೆ. ಇಷ್ಟು ತಾಳ್ಮೆ ಇರೋ ಹುಡುಗ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ? ನಿಮ್ಮ ತಂದೆ ನಂಬರ್ ಕೊಡು, ನಾನೇ ಮಾತಾಡ್ತೀನಿ."

ಧಾರಿಣಿ ಗಾಜಿನ ಕಿಟಕಿಯ ಹೊರಗೆ ನೋಡಿದಳು. ಏನಾದರೂ ಒಂದು ನೆಪ ಹೇಳಿ ಜಾರಿಕೊಳ್ಳುವುದು ಕಷ್ಟವಿರಲಿಲ್ಲ. ಮದುವೆ ಗೊತ್ತಾಗಿದೆ ಅಂದರಾಯಿತು. ಆದರೆ ಚಳ್ಳಕೆರೆಯಲ್ಲಿ ಒಬ್ಬ ಹುಡುಗಿಯ ಮದುವೆಯ ವಿಷಯ ಈ ಮಾತಿನೊಳಗೆ ಬಂದಿತ್ತು. ಇಲ್ಲದ ಧೀರಜನ ಮೇಲೆ ಒಬ್ಬ ಅಜ್ಜಿ ನಂಬಿಕೆ ಇಟ್ಟು ಕೂತಿದ್ದರು.

"ಅಮ್ಮಾ, ನಾನು ಧೀರಜ್ ಅಲ್ಲ. ನನ್ನ ಹೆಸರು ಧಾರಿಣಿ. ನಾನು ಹುಡುಗಿ."

"ಏನಂದೆ?"

"ಹುಡುಗಿ ಅಮ್ಮಾ. ನನ್ನ ದನಿ ಇರೋದೇ ಹೀಗೆ. ಜನ ಗಂಡಸು ಅಂದುಕೊಳ್ತಾರೆ ಅಂತ ಇಲ್ಲಿ ಆ ಹೆಸರು ಇಟ್ಟುಕೊಂಡಿದ್ದೆ. ನಿಮಗೆ ಮೊದಲೇ ಹೇಳಬೇಕಿತ್ತು. ತಪ್ಪಾಯ್ತು."

ಅವರು ಬೈಯುತ್ತಾರೆ ಎಂದು ಕಾದಳು. ಆ ಕಡೆಯಿಂದ ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಕೆಮ್ಮು ಬರುವಷ್ಟು ನಕ್ಕು, "ಅಯ್ಯೋ ನನ್ನ ಬುದ್ಧಿಗಿಷ್ಟು!" ಅಂದರು ಶಾಂತಮ್ಮ. "ನಮ್ಮತ್ತೆದೂ ಇಂಥದೇ ದನಿ ಕಣವ್ವ. ಹಿತ್ತಲಲ್ಲಿ ನಿಂತು ಕೂಗಿದರೆ ಬೀದಿ ತುದಿಯಲ್ಲಿ ಆಡ್ತಿದ್ದ ಹುಡುಗರು ಮನೆ ಸೇರ್ಕೊಳ್ಳೋವು. ಸಂತೆಯಲ್ಲಿ ಒಬ್ಬನೂ ಅವಳಿಗೆ ತೂಕದಲ್ಲಿ ಮೋಸ ಮಾಡ್ತಿರಲಿಲ್ಲ. ಅವಳು ಹೋದ ಮೇಲೆ ಮನೆ ತಿಂಗಳುಗಟ್ಟಲೆ ಬಿಕೋ ಅಂತಿತ್ತು." ಆಮೇಲೆ, "ಹೆಸರು ಏನಂದೆ?"

"ಧಾರಿಣಿ."

"ಎಷ್ಟು ಚೆನ್ನಾಗೈತೆ! ಅದನ್ನ ಬಿಟ್ಟು ಗಂಡುಹುಡುಗರ ಹೆಸರು ಯಾಕೆ ಇಟ್ಕೊಂಡೆ? ನಿನಗೇನು ಕಮ್ಮಿ ಆಗಿತ್ತು?"

ಶಾಂತಮ್ಮ ಉತ್ತರಕ್ಕೆ ಕಾಯಲಿಲ್ಲ. ಇಡ್ಲಿ ಇಳಿಸಬೇಕು ಎಂದು ಫೋನ್ ಇಟ್ಟರು.

ಆ ಕಂಪನಿಯಲ್ಲಿ ಕರೆಗಳನ್ನು ರೆಕಾರ್ಡ್ ಮಾಡಿ, ಒಂದಷ್ಟನ್ನು ಆರಿಸಿ ಕೇಳಿ ಅಂಕ ಕೊಡುವ ವಿಭಾಗವೊಂದಿತ್ತು. ಅದರ ಮುಖ್ಯಸ್ಥೆ ಪಂಕಜಾ. ಮಂಗಳೂರಿನವರು, ಯಾವಾಗಲೂ ಇಸ್ತ್ರಿ ಮಾಡಿದ ಕಾಟನ್ ಸೀರೆ, ಎದುರಿಗೆ ಕೂತವರಿಗೆ ತಾನಾಗಿ ಬೆನ್ನು ನೆಟ್ಟಗಾಗುವಂಥ ನೋಟ. ಆ ವಾರ ಅವರ ಕೈಗೆ ಸಿಕ್ಕಿದ್ದು ಇದೇ ಕರೆ. ಧಾರಿಣಿಯನ್ನೂ ಗಗನನನ್ನೂ ತಮ್ಮ ಕೋಣೆಗೆ ಕರೆಸಿದರು.

"ಗ್ರಾಹಕರಿಗೆ ಬೇರೆ ಹೆಸರು ಹೇಳಿದ್ದೀರಿ. ಆಮೇಲೆ ಮದುವೆ, ಅತ್ತೆ, ಸಂತೆ. ಇದು ಏನು?"

ಗಗನನ ಸಣ್ಣ ದನಿ ಇನ್ನೂ ಸಣ್ಣದಾಯಿತು. "ಹೆಸರು ಬದಲಾಯಿಸೋಕೆ ಹೇಳಿದ್ದು ನಾನು ಮೇಡಂ. ಅವರ ದನಿಯಿಂದ ಗೊಂದಲ ಆಗ್ತಿತ್ತು, ಅದಕ್ಕೆ."

"ಅವರು ಒಪ್ಪಿದರಾ?"

"ಒಪ್ಪಿದೆ ಮೇಡಂ" ಅಂದಳು ಧಾರಿಣಿ. ದನಿ ನಡುಗಲಿಲ್ಲ. ಅದು ಸುಲಭಕ್ಕೆ ನಡುಗುವ ದನಿಯಾಗಿರಲಿಲ್ಲ. "ಗಗನ್ ನನ್ನ ಒಳ್ಳೇದಕ್ಕೇ ಹೇಳಿದ್ದು. ಆಗ ನನಗೂ ಹಾಯೆನಿಸಿತ್ತು. ಈಗ ಬೇಡ ಅನ್ನಿಸ್ತಿದೆ. ನನ್ನ ಹೆಸರಲ್ಲೇ ಮಾತಾಡ್ತೀನಿ."

"ಗೊಂದಲ ಆದರೆ?"

"ಆದರೆ ಆಗಲಿ. ನಾನೇ ಬಿಡಿಸಿ ಹೇಳ್ತೀನಿ. ನನ್ನ ದನಿಯಿಂದ ಆಗೋ ಗೊಂದಲ ತಾನೇ, ಅದಕ್ಕೆ ನಾನಿಲ್ಲದೆ ಇನ್ಯಾರು ಉತ್ತರ ಕೊಡಬೇಕು?"

ಪಂಕಜಾ ಪೆನ್ನಿನ ಮುಚ್ಚಳ ತೆಗೆದು ಎದುರಿನ ಕಾಗದದ ಮೇಲೆ ಗುರುತು ಹಾಕಿದರು. "ಹೆಸರಿನ ಬಗ್ಗೆ ನಿಮ್ಮ ಅಂಕ ಕಡಿಮೆ ಮಾಡಲೇಬೇಕಾಗ್ತದೆ. ಇಬ್ಬರದೂ. ಇನ್ನು ಮುಂದೆ ನಿಮ್ಮ ಹೆಸರನ್ನೇ ಹೇಳಿ" ಅಂದರು. ಇಬ್ಬರೂ ಎದ್ದು ಬಾಗಿಲ ತನಕ ಹೋದ ಮೇಲೆ, "ಮತ್ತೆ, ಆ ಅಜ್ಜಿ ಪುನಃ ಕರೆ ಮಾಡಿದರೆ ಚೆನ್ನಾಗಿ ಮಾತಾಡಿಸಿ" ಎಂದು ಸೇರಿಸಿದರು.

ಮರುದಿನ ಬೆಳಿಗ್ಗೆ ಮೊದಲ ಕರೆ ಬಂತು. "ನಮಸ್ಕಾರ, ನಾನು ಧಾರಿಣಿ" ಅಂದಳು. ಆ ಕಡೆಯವನು ಹಾವೇರಿಯ ಗೊಬ್ಬರದ ಅಂಗಡಿಯವನು. "ಸಾರ್..." ಎಂದು ಶುರುಮಾಡಿದ. "ಮೇಡಂ ಅನ್ನಿ. ದನಿ ದಪ್ಪ, ಅಷ್ಟೇ. ಈಗ ನಿಮ್ಮ ತೊಂದರೆ ಹೇಳಿ" ಅಂದಳು. ಅವನು "ಹೌದ್ರಿ? ಆಯ್ತು ಬಿಡ್ರಿ ಮೇಡಂ" ಎಂದು ತನ್ನ ಕಥೆ ಹೇಳತೊಡಗಿದ. ಇಷ್ಟೇ ಆಗಿತ್ತು. ಇಷ್ಟಕ್ಕೆ ಇಷ್ಟು ವರ್ಷ ಹೆದರಿಕೊಂಡಿದ್ದೆನಾ ಎಂದು ಅವಳಿಗೆ ಒಂದು ಗಳಿಗೆ ನಗುವೂ ಬಂತು, ಅಳುವೂ ಬಂತು.

ಎಲ್ಲರೂ ಹಾಗೆ ಸುಲಭಕ್ಕೆ ಬಿಡಲಿಲ್ಲ ಅನ್ನಿ. ಒಬ್ಬ ಕೆಟ್ಟದಾಗಿ ನಕ್ಕು ಏನೇನೋ ಅಂದ. ಅವಳು ಕರೆ ಮುಗಿಸಿ ಹೊರಗೆ ಹೋಗಿ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಮುಖ ತೊಳೆದುಕೊಂಡು ಬಂದಳು. ಸಿಂಚನಾ ತನ್ನ ಚಹಾದ ಕಪ್ಪನ್ನು ಅವಳ ಮುಂದೆ ಸರಿಸಿದಳು. ಅಂಥ ದಿನಗಳು ಆಮೇಲೂ ಬಂದವು. ಆದರೆ ಮತ್ತೆ ಧೀರಜ್ ಆಗೋಣ ಎಂದು ಅವಳಿಗೆ ಅನ್ನಿಸಲಿಲ್ಲ.

ಮರುವರ್ಷದ ಜನವರಿಯಲ್ಲಿ ಕಂಪನಿಯ ವಾರ್ಷಿಕೋತ್ಸವ. ಒಂದು ಭಾನುವಾರ ಮಧ್ಯಾಹ್ನ, ಎಳೆ ಬಿಸಿಲಿನಲ್ಲಿ, ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿ, ಒಂದೊಂದು ಭಾಷೆಯ ಮೇಜಿನವರೂ ಒಂದೊಂದು ಕಾರ್ಯಕ್ರಮ ಕೊಡಬೇಕು, ಮನೆಯವರನ್ನೂ ಕರೆತರಬಹುದು ಎಂದು ಗೊತ್ತಾಯಿತು. ಗಗನ್ ಒಂದು ಪುಟ್ಟ ನಾಟಕ ಬರೆದ. ಅರಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದೆ ಪರದಾಡುವ ಒಬ್ಬ ರಾಜನ ಕಥೆ, ಎಲ್ಲರಿಗೂ ಅರ್ಥವಾಗಲೆಂದು ಅರ್ಧ ಹಿಂದಿ, ಅರ್ಧ ಕನ್ನಡ. ಪಾತ್ರ ಹಂಚುವಾಗ ಅವನು ಯೋಚಿಸಲೂ ಇಲ್ಲ.

"ರಾಜ ಧಾರಿಣಿ. ಆ ದನಿಗೆ ಕಿರೀಟ ಇಟ್ಟರೆ ಸಾಕು."

ಎಲ್ಲರೂ ಹೌದು ಹೌದು ಅಂದರು. ಧಾರಿಣಿ ಕಾಗದ ತೆಗೆದುಕೊಂಡು ಓದಿ ನೋಡಿದಳು.

"ನಾನು ರಾಣಿ ಆಗ್ತೀನಿ."

"ರಾಣಿಯಾ? ರಾಣಿಗೆ ಈ ದನಿ..." ಗಗನ್ ಅರ್ಧಕ್ಕೆ ನಿಲ್ಲಿಸಿದ.

"ರಾಣಿಗೆ ಈ ದನಿ ಇರಬಾರದು ಅಂತ ಎಲ್ಲಿದೆ? ಈ ರಾಣಿಗೆ ಇದೆ. ರಾಜ ನೀವಾಗಿ, ಗಗನ್. ಜೋಡಿ ಚೆನ್ನಾಗಿರುತ್ತೆ."

ಸಿಂಚನಾ ಜೋರಾಗಿ ಚಪ್ಪಾಳೆ ಹೊಡೆದಳು. ಗಗನ್ ತಲೆ ಕೆರೆದುಕೊಂಡು, ಆಮೇಲೆ ಅವನೂ ನಕ್ಕುಬಿಟ್ಟ.

ವಿಮಲಾ, ದತ್ತಾತ್ರೇಯ ರೋಹಿಣಿಯಿಂದ ಆಟೋ, ಮೆಟ್ರೋ, ಬಸ್ಸು ಎಂದು ಮೂರು ಬಗೆಯ ವಾಹನ ಬದಲಿಸಿ ಬಂದು ನಡುವಿನ ಸಾಲಿನಲ್ಲಿ ಕೂತಿದ್ದರು. ವಿಮಲಾ ಮಡಿಲಲ್ಲಿ ಮಗಳ ಶಾಲು ಹಿಡಿದುಕೊಂಡು, ಅದರ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ವೇದಿಕೆಯ ಮೇಲೆ ಬೆಳ್ಳಿಬಣ್ಣದ ಕಿರೀಟದ ರಾಜ ಸಣ್ಣ ದನಿಯಲ್ಲಿ, "ಹಲೋ, ಹಲೋ, ಕೇಳಿಸ್ತಾ ಇದೆಯಾ?" ಎಂದು ಮೇಜು ಹತ್ತಿ ಇಳಿದ. ಜನ ನಕ್ಕರು. ಆಗ ಅಮ್ಮನದೇ ಹಸಿರು ರೇಷ್ಮೆ ಸೀರೆ ಉಟ್ಟ ಧಾರಿಣಿ ನಿಧಾನವಾಗಿ ಒಳಗೆ ಬಂದು, ನಡುವೆ ನಿಂತು, ತನ್ನ ದನಿಯಲ್ಲಿ ಅಂದಳು:

"ಮಹಾರಾಜರೇ, ಇಳಿಯಿರಿ. ನಾನು ಕೂಗಿದರೆ ಸಾಕು, ಆ ಕಡೆಯವರಿಗೆ ಕೇಳಿಸುತ್ತೆ."

ಶಾಮಿಯಾನದ ಕೆಳಗೆ ಎದ್ದ ನಗು ಹುಲ್ಲುಹಾಸು ದಾಟಿ ಗೇಟಿನ ತನಕ ಹೋಯಿತು. ಧಾರಿಣಿಗೆ ನಗುವಿನ ಬಗೆಗಳು ಚೆನ್ನಾಗಿ ಗೊತ್ತಿದ್ದವು. ಇದು ತನ್ನ ಮೇಲೆ ಬಿದ್ದ ನಗುವಲ್ಲ, ತಾನು ಎಬ್ಬಿಸಿದ ನಗು. ಅದು ತಣ್ಣಗಾಗುವ ತನಕ, ರಾಣಿ ಕಾಯಬೇಕಾದ ಹಾಗೆ, ತಲೆಯೆತ್ತಿ ಕಾದಳು. ಮುಂದಿನ ಮಾತಿಗೆ ಜನ ತಾವಾಗಿ ಸುಮ್ಮನಾದರು. ಹಿಂದಿನ ಸಾಲಿನ ತಮಿಳು ಮೇಜಿನವರೂ ಬಂಗಾಳಿ ಮೇಜಿನವರೂ ಅರ್ಥವಾಗದ ಮಾತನ್ನೂ ಕಿವಿಗೊಟ್ಟು ಕೇಳಿದರು.

ನಾಟಕ ಮುಗಿದು ಎಲ್ಲರೂ ಪೂರಿ ಛೋಲೆಯ ಸಾಲಿನಲ್ಲಿ ನಿಂತಾಗ ಯಾರೋ ದತ್ತಾತ್ರೇಯರನ್ನು ಕೇಳಿದರು, "ನೀವು ಯಾರ ಕಡೆಯವರು?"

"ರಾಣಿಯ ತಂದೆ" ಅಂದರು ದತ್ತಾತ್ರೇಯ. ಮಾತು ಕಡಿಮೆಯ ಮನುಷ್ಯ ಅಷ್ಟಕ್ಕೇ ನಿಲ್ಲಿಸದೆ, "ಮೈಕ್ ಇಲ್ಲದಿದ್ದರೂ ಕೇಳಿಸುತ್ತಿತ್ತು, ನೋಡಿದಿರಲ್ಲ" ಎಂದೂ ಹೇಳಿದರು. ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದ ಧಾರಿಣಿಗೆ ಅದು ಕೇಳಿಸಿತು. ಅವಳು ಅಪ್ಪನ ತಟ್ಟೆಗೆ ಇನ್ನೊಂದು ಪೂರಿ ಹಾಕಿದಳು. ವಿಮಲಾ ಅವಳ ಹೆಗಲಿಗೆ ಶಾಲು ಹೊದಿಸಿ, "ಸೀರೆ ನಿನಗೇ ಇರಲಿ" ಅಂದರು.

ಕನ್ನಡದ ಮೇಜು ಮುಂದೆ ಕೆಲವು ವರ್ಷಗಳಲ್ಲಿ ಕರ್ನಾಟಕಕ್ಕೇ ಹೋಯಿತು. ಗಗನ್ ಅದರ ಜೊತೆ ಹೊರಟ, ಸಿಂಚನಾ ಮದುವೆಯಾಗಿ ಪುಣೆಗೆ ಹೋದಳು. ಧಾರಿಣಿ ದಿಲ್ಲಿಯವಳು, ದಿಲ್ಲಿಯಲ್ಲೇ ಉಳಿದಳು. ಬಿ.ಕಾಂ. ಮುಗಿಸಿ, ಮನೆಗೆ ಹತ್ತಿರದ ಮಕ್ಕಳ ಆಸ್ಪತ್ರೆಯೊಂದರ ವಿಚಾರಣೆ ಮೇಜಿಗೆ ಸೇರಿದಳು. ಮೈಕಿನಲ್ಲಿ ರೋಗಿಗಳ ಹೆಸರು ಕರೆಯುವುದೂ ಅವಳ ಕೆಲಸ. ಹೊಸಬರು ಆ ದನಿ ಕೇಳಿ ಗಂಡಸನ್ನು ಹುಡುಕಿ ಕತ್ತು ತಿರುಗಿಸುತ್ತಾರೆ, ಅವಳನ್ನು ಕಂಡು ತುಸು ಬೆರಗಾಗುತ್ತಾರೆ, ಮತ್ತೆ ತಮ್ಮ ಮಗುವಿನ ಜ್ವರದ ಚಿಂತೆಗೆ ಮರಳುತ್ತಾರೆ.

ಒಂದು ಬೆಳಿಗ್ಗೆ ಮುಂದಿನ ಬೆಂಚಿನಲ್ಲಿ ಕೂತಿದ್ದ ಐದಾರು ವರ್ಷದ ಹುಡುಗಿಯೊಬ್ಬಳು, ಧಾರಿಣಿ ಕರೆದ ಒಂದೊಂದು ಹೆಸರನ್ನೂ ಗದ್ದ ಎದೆಗೆ ಒತ್ತಿಕೊಂಡು ಅದೇ ದನಿಯಲ್ಲಿ ಹೇಳಲು ನೋಡುತ್ತಿದ್ದಳು. ತಾಯಿ ನಾಚಿ ಮಗಳ ಬಾಯಿ ಮುಚ್ಚಿದಳು. ಧಾರಿಣಿ ಕಾಗದದ ಮೇಲೆ ಹುಡುಗಿಯ ಹೆಸರು ನೋಡಿದಳು. ಮೈಕನ್ನು ಹತ್ತಿರ ಎಳೆದುಕೊಂಡು, ದನಿಯನ್ನು ಇರುವುದಕ್ಕಿಂತ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಸಿ, "ಕುಮಾರಿ ಗುಂಜನ್ ಅರೋಡಾ" ಎಂದು ಕರೆದಳು. ಹುಡುಗಿ ಅಮ್ಮನ ಕೈ ಬಿಡಿಸಿಕೊಂಡು, ನಗುತ್ತ, ಡಾಕ್ಟರ ಕೋಣೆಗೆ ತಾನೇ ಮೊದಲು ಓಡಿದಳು.